ಗೋಪುರದ ರಾಗಿಕಲ್ಲು

ನೂರಾ ಎಂಬತ್ತನಾಲ್ಕು ಜೊತೆ ರಾಗಿಕಲ್ಲು. ಒಂದಕ್ಕೂ ಗುರುತಿಲ್ಲ. ಊರಿನ ಹುಡುಗ್ರು ಎರಡು ಟ್ರಾಕ್ಟರ್ ತಗೊಂಡು ಮನೆಮನೆಗೂ ಹೋಗಿ, ಕಲ್ಲು ಎತ್ತಿ ಹಾಕ್ಕೊಂಡು ಬಂದು, ಬಸ್‌ಸ್ಟಾಂಡ್ ಎದುರಿನ ಬಯಲಲ್ಲಿ ರಾಶಿ ಹಾಕಿ, ಕೈ ಕೊಡವ್ಕೊಂಡು ಟೀ ಕುಡಿಯೋಕೆ ಹೋದ್ರಂತೆ. ಯಾವ ಕಲ್ಲು ಯಾರ ಮನೇದು ಅಂತ ಒಂದು ಸುಣ್ಣದ ಗೆರೆನಾದ್ರೂ ಎಳೀಬೇಕು ಅಂತ ಒಬ್ಬನಿಗೂ ಹೊಳೀಲಿಲ್ಲ. ಓದಿದೋರಪ್ಪ ಎಲ್ಲಾ! ಮೊಬೈಲಲ್ಲಿ ಪ್ರಪಂಚಾನೇ ನೋಡ್ತಾರೆ. ಅವರಜ್ಜಿ ಬೀಸಿದ ಕಲ್ಲು ಯಾವುದು ಅಂದ್ರೆ ಕಣ್ಣು ಕಣ್ಣು ಬಿಡ್ತಾರೆ.

ಬೆಳಗಾಗೋ ಹೊತ್ತಿಗೆ ಬಯಲಲ್ಲಿ ಜಗಳ. ಇದು ನಮ್ದು ಅಂತ ಅವಳು, ಏನೇ ನಿಮ್ದು ಅಂತ ಇವಳು. ಅನಿಲ್‌ಕುಮಾರ್ ಬೈಕ್ ಹತ್ಕೊಂಡು ಸೀದಾ ನಮ್ಮ ಕಾಲೋನಿಗೆ ಬಂದ. ಅನಿಲ್‌ಕುಮಾರ್ ಅಂದ್ರೆ ಊರಿನ ಯಜಮಾನ್ರ ಮನೆ ಭಾರತಮ್ನೋರ ಮಗ. ವೇಮಗಲ್ ಫ್ಯಾಕ್ಟರೀಲಿ ಸೂಪರ್‌ವೈಸರು, ಊರಿನ ಗೋಪುರದ ಕಮಿಟಿಗೆ ಅಧ್ಯಕ್ಷ. ಓಟಿನ ಟೈಮು ಬಿಟ್ರೆ ಅವನು ನಮ್ಮ ಬೀದಿಗೆ ಕಾಲಿಟ್ಟಿದ್ದು ಅದೇ ಮೊದಲು.

"ಅಜ್ಜಿ, ನೀವೇ ಗತಿ. ನೀವು ಬಂದು ಗುರ್ತು ಹಿಡೀದಿದ್ರೆ ಊರೇ ಹೊಡ್ದಾಡ್ಕೊಳ್ಳುತ್ತೆ" ಅಂದ.

"ಹೊಡ್ದಾಡ್ಕೊಳ್ಳಿ ಬಿಡು" ಅಂದೆ. ಆದ್ರೂ ಎದ್ದು ಸೆರಗು ಸರಿ ಮಾಡ್ಕೊಂಡೆ.

ನನ್ನ ಹೆಸರು ದೊಡ್ಡಮುನಿಯಮ್ಮ. ನಾವು ಭೋವಿಗಳು, ಕಲ್ಲಿನ ಕೆಲಸದೋರು. ಗಂಡಸರು ಬಂಡೆ ಒಡೀತಿದ್ರು, ಹೆಂಗಸರು ರಾಗಿಕಲ್ಲು ಕುಟ್ತಿದ್ವಿ. ಕಲ್ಲು ಕುಟ್ಟೋದು ಅಂದ್ರೆ ಈಗಿನೋರಿಗೆ ಗೊತ್ತಿಲ್ಲ. ದಿನಾ ಬೀಸಿ ಬೀಸಿ ಕಲ್ಲು ನುಣ್ಣಗಾಗೋಗುತ್ತೆ, ಆಮೇಲೆ ಅದು ರಾಗಿನ ಹಿಡಿಯಲ್ಲ, ಸುಮ್ನೆ ಹೊರಳಿಸುತ್ತೆ. ಆವಾಗ ಉಳಿ ಸುತ್ತಿಗೆ ತಗೊಂಡು ಅದರ ಮುಖದ ಮೇಲೆಲ್ಲ ಸಣ್ಣಸಣ್ಣ ಗುಳಿ ಹಾಕಿ ಮತ್ತೆ ಹರಿತ ಮಾಡ್ಬೇಕು. ವರ್ಷಕ್ಕೊಂದು ಸಲ, ಸುಗ್ಗಿ ಮುಗೀತಿದ್ದಂಗೆ, "ಕಲ್ಲು ಕುಟ್ಟಿಸ್ತೀರೇನಮ್ಮೋ" ಅಂತ ಕೂಗ್ಕೊಂಡು ಬೀದಿ ಬೀದಿ ತಿರುಗ್ತಿದ್ದೆ. ಒಂದು ಜೊತೆ ಕುಟ್ಟಿದ್ರೆ ಕೂಲಿ ಒಂದು ಸೇರು ರಾಗಿ. ಕರೆಂಟಿನ ಮಿಲ್ಲು ಬರೋವರ್ಗೂ ಈ ಊರಲ್ಲಿ ನನ್ನ ಕೈಯಾಡದೆ ಇರೋ ಕಲ್ಲೇ ಇರ್ಲಿಲ್ಲ.

ಗೋಪುರದ ಸಂಗತಿ ಹೇಳ್ಬೇಕು. ಹೋದ ವರ್ಷ ಬೆಂಗಳೂರು ಕಡೆಯಿಂದ ಒಬ್ಬ ಲಾರಿ ತಗೊಂಡು ಬಂದಿದ್ದ. ಯಾವುದೋ ರೆಸಾರ್ಟಿಗಂತೆ, ಗಿಡಗಳ ಮಧ್ಯೆ ಚೆಂದಕ್ಕೆ ಇಡೋಕೆ ಹಳೇ ರಾಗಿಕಲ್ಲು ಬೇಕಂತೆ. ಹಿತ್ತಲಲ್ಲಿ ಬಿದ್ದಿದ್ದು ತಾನೇ ಅಂತ ಏಳೆಂಟು ಮನೆಯೋರು ಕೊಟ್ಟೇಬಿಟ್ರು. ಅದನ್ನ ನೋಡಿ ಅನಿಲ್‌ಕುಮಾರನಿಗೆ ಮೈ ಉರಿದೋಯ್ತು. ನಮ್ಮ ಅವ್ವಂದಿರು ಬೀಸಿದ ಕಲ್ಲು ಅವರ ಹೋಟ್ಲಲ್ಲಿ ಯಾಕಿರ್ಬೇಕು, ಊರಿನ ಎಲ್ಲಾ ಕಲ್ಲೂ ಸೇರಿಸಿ ಬಸ್‌ಸ್ಟಾಂಡ್ ಹತ್ರ ಒಂದು ಗೋಪುರ ಕಟ್ಟೋಣ, ಈ ಊರಲ್ಲಿ ಯಾರ್ಯಾರು ಬಾಳಿದ್ರು ಅಂತ ಮುಂದಿನೋರಿಗೆ ಗೊತ್ತಾಗ್ಲಿ ಅಂದ. ಮನೆಗೊಂದು ಜೊತೆ ಕಲ್ಲು. ಕೆಳಗಲ್ಲಿನ ಅಂಚಿನ ಮೇಲೆ ಆ ಮನೆಯೋರ ಹೆಸರು ಕೆತ್ತೋದು. ಕಾಲೋನಿ ಮನೆಗಳೂ ಸೇರ್ಬೇಕು ಅಂತ ಅವನೇ ಹಟ ಹಿಡಿದ. ಒಳ್ಳೇ ಹುಡುಗ, ಅದನ್ನ ಇಲ್ಲ ಅನ್ನಲ್ಲ. ಕಟ್ಟೋ ಕೆಲಸ ನನ್ನ ಮಗ ಕದಿರೇಶನಿಗೆ ಕೊಟ್ರು. ಅಕ್ಷರ ಕೆತ್ತೋಕೆ ಮಾಲೂರು ಕಡೆಯಿಂದ ಶ್ರೀಧರ್ ಅಂತ ಒಬ್ಬನ್ನ ಕರೆಸಿದ್ರು.

ಎಲ್ಲಾ ಸರಿ. ನಮ್ಮನೇಲಿ ಮಾತ್ರ ಕಲ್ಲಿರ್ಲಿಲ್ಲ.

ಊರಿನ ಕಲ್ಲೆಲ್ಲ ಕುಟ್ಟಿದೋಳ ಮನೇಲಿ ಕಲ್ಲಿಲ್ಲ ಅಂತ ಜನ ನಕ್ರು. ಕದಿರೇಶ, "ಅಮ್ಮಾ, ನಾಲ್ಕು ದಿನದಲ್ಲಿ ಹೊಸದೊಂದು ಜೊತೆ ಹೊಡ್ದು ಇಡ್ತೀನಿ, ನಮ್ಮನೆ ಹೆಸರೂ ಬರ್ಲಿ" ಅಂದ. ನಾನು ಒಪ್ಲಿಲ್ಲ. ಒಂದು ಹಿಡಿ ರಾಗಿ ಕಾಣದೆ ಇರೋ ಕಲ್ಲು ಇಟ್ಟು ಇದು ನಮ್ಮನೇದು ಅನ್ನೋಕೆ ನಾಚಿಕೆ ಆಗಲ್ವೇನೋ ಅಂದೆ. ನಿಜ ಏನಂದ್ರೆ, ನಮ್ಮನೆ ಕಲ್ಲು ಈ ಊರಲ್ಲೇ ಇತ್ತು. ಬೇರೆಯೋರ ಮನೆ ನಡುಮನೇಲಿತ್ತು. ಅದು ಗೋಪುರಕ್ಕೆ ಬರುತ್ತೆ, ಅವರ ಹೆಸರಲ್ಲಿ ಬರುತ್ತೆ ಅಂತ ನಂಗೆ ಗೊತ್ತಿತ್ತು. ಕದಿರೇಶನಿಗೂ ಗೊತ್ತಿತ್ತು. ಅದಕ್ಕೇ ಅವನು ಆವತ್ತು ಬೆಳಗ್ಗೆ ಬಯಲಿಗೆ ಹೋಗ್ತಾ ದಾರೀಲಿ ನನ್ನ ಕೈ ಹಿಡ್ಕೊಂಡು, "ಅಮ್ಮಾ, ಎಲ್ರ ಕಲ್ಲೂ ಹೇಳು. ಅದೊಂದು ಬಂದಾಗ ಸುಮ್ನಿರು. ಸತ್ತೋಗಿರೋ ಕತೆ ಅದು" ಅಂದ.

"ಸತ್ತಿದ್ದು ಕತೆ ಅಲ್ಲ ಕಣೋ" ಅಂದೆ. ಅವನು ಕೈ ಬಿಟ್ಟ.

ಬಯಲಲ್ಲಿ ಒಂದು ಕುರ್ಚಿ ಹಾಕಿದ್ರು ನಂಗೆ. ಕುರ್ಚೀಲಿ ಕೂತು ಕಲ್ಲು ಮುಟ್ಟೋಕಾಗುತ್ತಾ? ಅದನ್ನ ಆಚೆ ತಳ್ಳಿ ನೆಲದ ಮೇಲೆ ಕೂತೆ. ಇಬ್ಬರಿಬ್ಬರು ಸೇರಿ ಒಂದೊಂದೇ ಕಲ್ಲು ತಂದು ಮುಂದಿಡ್ತಿದ್ರು. ನಾನು ಅಂಗೈ ಆಡಿಸಿ ಹೇಳ್ತಿದ್ದೆ. "ಇದು ಸುನಂದಮ್ಮನ ಮನೇದು. ಕಲ್ಲಿನ ಕಣ್ಣು, ರಾಗಿ ಹಾಕೋ ತೂತು, ಸ್ವಲ್ಪ ಓರೆ, ಅದಕ್ಕೆ ಬೀಸ್ವಾಗ ಗೊರ್ ಅಂತಿತ್ತು." "ಇದು ಅಂಜಮ್ಮನ ಅತ್ತೇದು. ಆಯಮ್ಮ ಎಡಗೈಲಿ ಬೀಸ್ತಿದ್ಲು, ನೋಡ್ರಿ ಈ ಕಡೆ ಹೆಂಗೆ ಸವೆದಿದೆ." ಅಂಜಮ್ಮನಿಗೆ ಕಣ್ಣಲ್ಲಿ ನೀರು ಬಂತು. ನಮ್ಮತ್ತೆ ಎಡಚಿ ಅಂತ ನಂಗೇ ಮರ್ತೋಗಿತ್ತು ಕಣಮ್ಮ ಅಂದ್ಲು.

ಜಗಳ ನಿಂತೋಯ್ತು. ಜನ ಸುತ್ತ ಕೂತ್ಕೊಂಡ್ರು. ನಾನು ಹೇಳಿದ್ದೇ ಹೇಳಿದ್ದು, ಅದಕ್ಕೆ ಎದುರು ಮಾತಿಲ್ಲ. ಒಬ್ಬ ಹುಡುಗ ಪೆನ್ನು ಹಿಡ್ಕೊಂಡು ಬರ್ಕೊಳ್ತಿದ್ದ, ಶ್ರೀಧರ್ ಕಲ್ಲಿನ ಮೇಲೆ ಬಣ್ಣದಲ್ಲಿ ನಂಬರ್ ಹಾಕ್ತಿದ್ದ. ಹುತ್ತೂರು ಕಡೆ ಹೋಗೋ ಬಸ್ಸಿನ ಡ್ರೈವರ್ ಕೂಡ ಬಸ್ ನಿಲ್ಲಿಸಿ ಐದು ನಿಮಿಷ ನೋಡ್ಕೊಂಡು ಹೋದ. ಯಾಕೆ ಸುಳ್ಳು ಹೇಳ್ಲಿ, ನಂಗೂ ಹಿಗ್ಗಾಯ್ತು. ಜೀವಮಾನವೆಲ್ಲಾ ಈ ಊರಿನ ಹಿತ್ತಲಲ್ಲಿ, ಅಂಗಳದಲ್ಲಿ ಕೂತು ಕುಟ್ಟಿದೋಳು ನಾನು. ಊರು ಬಾಯಿ ಮುಚ್ಕೊಂಡು ನನ್ನ ಮಾತು ಕೇಳಿದ್ದು ಅವತ್ತು ಒಂದೇ ದಿನ.

ಮಧ್ಯಾಹ್ನ ಊಟ ಮಾಡಿ ಮತ್ತೆ ಕೂತ್ವಿ. ನೂರು ದಾಟಿತ್ತು. ಆಗ ಇಬ್ಬರು ಹುಡುಗ್ರು ಏದುಸಿರು ಬಿಡ್ತಾ ಒಂದು ಕಪ್ಪು ಕಲ್ಲು ತಂದಿಟ್ರು. ನಾನು ಮುಟ್ಲಿಲ್ಲ. ಮುಟ್ಟೋದು ಬೇಕಿರ್ಲಿಲ್ಲ.

"ಹೇಳಿ ಅಜ್ಜಿ" ಅಂದ ಪೆನ್ನಿನ ಹುಡುಗ.

ಕದಿರೇಶ ಮರಳು ಜರಡಿ ಹಿಡೀತಿದ್ದೋನು ನಿಲ್ಲಿಸಿ ನನ್ನನ್ನೇ ನೋಡಿದ. ಅವನ ಮುಖ ನೋಡಿದ್ರೆ ಪಾಪ ಅನ್ನಿಸ್ತು. ಅವನಿಗೆ ಈ ಕೆಲಸ ಬೇಕು, ಊರಲ್ಲಿ ಮರ್ಯಾದೆ ಬೇಕು. ಆದ್ರೆ ನಾನೇನು ಮಾಡ್ಲಿ?

"ಇದು ನಂದು" ಅಂದೆ.

ಯಾರೋ ಕಿಸಕ್ ಅಂತ ನಕ್ರು. ಅನಿಲ್‌ಕುಮಾರ್ ಹತ್ರ ಬಂದು ಬಗ್ಗಿ, "ಅಜ್ಜಿ, ಸುಸ್ತಾಗಿದೆ ನಿಮಗೆ. ಇದು ನಮ್ಮನೇದು. ನಾನು ಹುಟ್ಟಿದಾಗಿಂದ ನೋಡ್ತಿದ್ದೀನಿ" ಅಂದ.

"ನೀನು ಹುಟ್ಟೋಕೆ ಮುಂಚೆ ನಂದು."

"ಅಜ್ಜೀ..."

"ಏನಪ್ಪಾ ಅನಿಲ, ಬೆಳಗ್ಗೆಯಿಂದ ನೂರಾ ಹತ್ತು ಮನೆ ಕಲ್ಲು ಹೇಳ್ದೆ. ಹೂಂ ಹೂಂ ಅಂತ ಬರ್ಕೊಂಡ್ರಿ. ನೂರಾ ಹನ್ನೊಂದನೇದು ಮಾತ್ರ ನಂಗೆ ಮರವು ಬಂತಾ? ಇದು ಸುಳ್ಳಾದ್ರೆ ಅವೆಲ್ಲಾನೂ ಸುಳ್ಳು. ಹೊಡ್ದಾಕು ಎಲ್ಲಾನೂ. ಮತ್ತೆ ರಾಶಿ ಹಾಕ್ಕೊಂಡು ಹೊಡ್ದಾಡ್ಕೊಳ್ಳಿ."

ಜನ ಗುಸುಗುಸು ಶುರು ಮಾಡಿದ್ರು. ಒಬ್ಬ, "ಮುದುಕಿಗೆ ದುರಾಸೆ ನೋಡು" ಅಂದಿದ್ದು ನನ್ನ ಕಿವಿಗೆ ಬಿತ್ತು. ಆಗ ನನ್ನ ತಲೆ ಕೆಡ್ತು. ನಲವತ್ತೆಂಟು ವರ್ಷ ಹಲ್ಲು ಕಚ್ಕೊಂಡು ಇಟ್ಕೊಂಡಿದ್ದನ್ನ ಅಲ್ಲೇ, ಬಸ್‌ಸ್ಟಾಂಡಲ್ಲಿ, ಎಲ್ಲರ ಮುಂದೆ ಹೇಳ್ಬಿಟ್ಟೆ.

ಆ ಕಲ್ಲು ನಮ್ಮನೆಯವ್ರು, ನನ್ನ ಗಂಡ, ನಮ್ಮ ಮದುವೆಗೆ ಅಂತ ಹೊಡೆದಿದ್ದು. ಕುರುಡುಮಲೆ ಕಡೆ ಬಂಡೆಯಿಂದ ಕರಿಕಲ್ಲು ಆರಿಸಿ, ಎತ್ತಿನ ಗಾಡೀಲಿ ತಂದು, ಎರಡು ತಿಂಗಳು ಬಿಡುವಿನಲ್ಲೆಲ್ಲ ಕೂತು ಹೊಡೆದಿದ್ರು. ಬೀಸಿದ್ರೆ ಒಂದು ಕೈಲಿ ತಿರುಗ್ತಿತ್ತು. ಆವಾಗ ನಾವು ಊರಾಚೆ, ಬಂಡೆ ಪಕ್ಕದಲ್ಲಿ ಗುಡಿಸಲು ಹಾಕ್ಕೊಂಡಿದ್ವಿ. ನಮ್ಮೋರದ್ದು ಒಂದೈದು ಗುಡಿಸಲು. ಮಗಳು ಹುಟ್ಟಿದ್ಲು. ಆಂಜಿನಮ್ಮ ಅಂತ ಹೆಸರಿಟ್ವಿ, ಆಂಜಿ ಅಂತ ಕರೀತಿದ್ವಿ.

ಅವಳಿಗೆ ಮೂರು ವರ್ಷ ಆದಾಗ ಬಂಡೆ ಜಾರಿ ಇವರ ಕಾಲ ಮೇಲೆ ಬಿತ್ತು. ಮಂಡಿ ಪುಡಿಪುಡಿ. ಮೂರು ತಿಂಗಳು ಚಾಪೆ ಹಿಡಿದ್ರು. ಮಿಕ್ಕೋರೆಲ್ಲ ಶ್ರೀನಿವಾಸಪುರದ ಕಡೆ ರೋಡ್ ಕೆಲಸ ಸಿಕ್ತು ಅಂತ ಪಾತ್ರೆ ಪಡಗ, ಕಲ್ಲು, ಕೋಳಿ ಎಲ್ಲಾ ಕಟ್ಕೊಂಡು ಹೊರಟೋದ್ರು. ನಾವೊಂದು ಮನೆ ಉಳ್ಕೊಂಡ್ವಿ. ಕುಟ್ಟೋ ಕಾಲ ಅಲ್ಲ, ಕೂಲಿ ಇಲ್ಲ. ಮಗೂಗೆ ಜ್ವರ ಬಂದು ಬಿಟ್ಟಿತ್ತು, ಜ್ವರ ಬಿಟ್ಮೇಲೆ ಹಸಿವು ಜಾಸ್ತಿ ನೋಡಿ. ಆಕಲಿ, ಆಕಲಿ ಅಂತ ನಮ್ಮ ತೆಲುಗಲ್ಲಿ ಹಸಿವು ಹಸಿವು ಅಂತ ಇಡೀ ದಿನ ಒಂದೇ ಮಾತು.

ಅದೇ ವಾರ ಈ ಅನಿಲನ ತಾತನ ಮನೆ ರಾಗಿಕಲ್ಲು ಸೀಳು ಬಿಟ್ಟಿತ್ತು. ಊರಿಗೆಲ್ಲ ಯಜಮಾನ್ರು ಅವರು. ಆಳು ಕಳಿಸಿದ್ರು, ನಿನ್ನ ಕರಿಕಲ್ಲು ಕೊಟ್ರೆ ಇಪ್ಪತ್ತು ಸೇರು ರಾಗಿ ಕೊಡ್ತೀವಿ ಅಂತ. ಇವರು ಮಲಗಿದ್ದಲ್ಲಿಂದಲೇ ಬೇಡ ಅಂದ್ರು. ನಾನು ಬೈದೆ. ಕಲ್ಲು ತಿಂತೀಯಾ ಅಂದೆ. ಕೊಟ್ಟೆ. ಗಾಡೀಲಿ ಹಾಕ್ಕೊಂಡು ಹೋದ್ರು.

ರಾಗಿ ಬಂತು. ಮೂಟೆ ಬಿಚ್ಚಿ ಮೊರಕ್ಕೆ ಹಾಕಿ ಕೇರಿ, ಬೀಸೋಣ ಅಂತ ತಿರುಗಿದ್ರೆ, ಕಲ್ಲಿದ್ದ ಜಾಗದಲ್ಲಿ ನೆಲ. ಹೌದಪ್ಪ, ನಗ್ರಿ ಬೇಕಿದ್ರೆ. ಹಸಿದ ತಲೆ, ಅಷ್ಟೂ ಹೊಳೀಲಿಲ್ಲ ನಂಗೆ.

ಮಾರನೇ ಬೆಳಗ್ಗೆ ಮೊರದಲ್ಲಿ ರಾಗಿ ಹಾಕ್ಕೊಂಡು, ಮಗೂನ ಸೊಂಟಕ್ಕೆ ಎತ್ಕೊಂಡು ಯಜಮಾನ್ರ ಮನೆ ಮುಂದೆ ನಿಂತೆ. "ಸ್ವಾಮಿ, ಒಂದು ಸೇರು ಬೀಸ್ಕೊಂಡು ಹೋಗ್ತೀನಿ, ಮಗು ಹಸ್ಕೊಂಡಿದೆ" ಅಂದೆ. ಅವರು ಜಗಲಿ ಮೇಲಿಂದ ಎದ್ದೂ ಏಳ್ಲಿಲ್ಲ. "ಕಲ್ಲು ನಡುಮನೇಲಿದೆ. ನಡುಮನೆಗೆ ನೀನು ಬರೋಕಾಗುತ್ತೇನಮ್ಮಾ?" ಅಂದ್ರು. ಬೈಲಿಲ್ಲ, ಹೊಡೀಲಿಲ್ಲ. ಅಷ್ಟೇ ಕೇಳಿದ್ರು. ಆಚೆ ತಂದು ಹಾಕಿ ಸ್ವಾಮಿ, ಅಂಗಳದಲ್ಲೇ ಬೀಸ್ತೀನಿ ಅಂದೆ. ವಡ್ಡರು ಬೀಸಿದ ಕಲ್ಲಲ್ಲಿ ನಾವು ಬೀಸೋದಾ ಅಂದ್ರು. ಒಳಗೆ ಯಾರೋ ಬೀಸ್ತಿದ್ರು. ಆ ಸದ್ದು ನಂಗೆ ಗೊತ್ತು, ನನ್ನ ಕಲ್ಲಿನದೇ. ಅಲ್ಲಿಂದ ಇನ್ನೂ ನಾಲ್ಕು ಮನೆ ಬಾಗಿಲಿಗೆ ಹೋದೆ. ಯಜಮಾನ್ರು ಇಲ್ಲ ಅಂದಿದ್ದಕ್ಕೆ ಹೂಂ ಅನ್ನೋ ಧೈರ್ಯ ಯಾರಿಗೂ ಇರ್ಲಿಲ್ಲ.

ವಾಪಸ್ ಬಂದು ಬಂಡೆ ಮೇಲೆ ರಾಗಿ ಹರಡಿ ಸುತ್ತಿಗೇಲಿ ಕುಟ್ಟಿದೆ. ಸೆರಗಲ್ಲಿ ಜಾಲಿಸಿದೆ. ಎಷ್ಟು ಜಾಲಿಸಿದ್ರೂ ಬಂಡೆಯ ಪುಡಿ ಹಿಟ್ಟಲ್ಲೇ ಸೇರ್ಕೊಂಡಿತ್ತು. ಗಂಜಿ ಕಾಯಿಸಿ ಕೊಟ್ಟೆ. ಎಷ್ಟು ಆಸೆಯಿಂದ ಕುಡಿದ್ಲು ಗೊತ್ತಾ, ಇನ್ನೂ ಬೇಕು ಅಂತ ಬಟ್ಟಲು ಚಾಚಿದ್ಲು. ಸಂಜೆಗೆ ಹೊಟ್ಟೆನೋವು, ಮಾರನೇ ದಿನ ರಕ್ತಭೇದಿ. ಜ್ವರದಲ್ಲಿ ಬೆಂದಿದ್ದ ಮಗು, ತಡ್ಕೊಳ್ಲಿಲ್ಲ. ನಾಲ್ಕನೇ ದಿನ ಹೊರಟೋದ್ಲು.

ಅಷ್ಟು ಹೇಳಿ ನಾನು ನಿಲ್ಲಿಸಿದೆ. ಕದಿರೇಶ ಅವಳಾದ್ಮೇಲೆ ಹುಟ್ಟಿದೋನು. ಅಕ್ಕ ಇದ್ಲು ಅಂತ ಗೊತ್ತಿತ್ತು ಅವನಿಗೆ, ಕಲ್ಲು ಹೋಗಿದ್ದೂ ಗೊತ್ತಿತ್ತು. ಗಂಜಿ ವಿಷಯ ಮಾತ್ರ ನಾನು ಯಾರಿಗೂ ಹೇಳಿರ್ಲಿಲ್ಲ. ನನ್ನ ಕೈಯಾರೆ ಮಾಡಿ ಕೊಟ್ಟ ಗಂಜಿ ಅಲ್ವಾ. ಅವನು ಜರಡಿ ಕೆಳಗಿಟ್ಟು ಮರಳಿನ ಮೇಲೆ ಹಂಗೇ ಕೂತ್ಕೊಂಡ.

"ಆಮೇಲೂ ಪ್ರತಿವರ್ಷ ನಿಮ್ಮನೆಗೆ ಬಂದು ಇದನ್ನ ಕುಟ್ಟಿದೀನಿ ಅನಿಲಪ್ಪ" ಅಂದೆ. "ಅಂಗಳಕ್ಕೆ ತಂದು ಹಾಕ್ತಿದ್ರು. ನಾನು ಕುಟ್ಟಿ ಎದ್ಮೇಲೆ ಅರಿಶಿನದ ನೀರು ಹಾಕಿ ತೊಳೆದು ಒಳಗೆ ಒಯ್ತಿದ್ರು. ಕುಟ್ಟೋಕೆ ನನ್ನ ಕೈ ಆಗ್ತಿತ್ತು. ಬೀಸೋಕೆ ಆಗ್ತಿರ್ಲಿಲ್ಲ."

ಅನಿಲ್‌ಕುಮಾರನ ಮುಖ ಸುಟ್ಟ ಬದನೇಕಾಯಿ ಆಗಿತ್ತು. "ಅಜ್ಜಿ, ನಂಗಿದು ಗೊತ್ತಿಲ್ಲ. ಆದ್ರೆ ಒಬ್ರ ಮಾತಿನ ಮೇಲೆ... ನಮ್ಮ ತಾತ ಈಗ ಇಲ್ಲ, ಕೇಳೋಣ ಅಂದ್ರೆ..."

"ನಾನಿದ್ದೀನಲ್ಲ" ಅಂತ ಹಿಂದಿನಿಂದ ದನಿ ಬಂತು.

ಭಾರತಮ್ನೋರು. ಕೋಲೂರ್ಕೊಂಡು ಬೇವಿನ ಮರದ ಕೆಳಗೆ ಯಾವಾಗ ಬಂದು ನಿಂತಿದ್ರೋ. ಜನ ದಾರಿ ಬಿಟ್ರು. ಅವರು ನನ್ನ ಕಡೆ ನೋಡ್ಲಿಲ್ಲ, ಕಲ್ಲಿನ ಕಡೆ ನೋಡ್ಕೊಂಡೇ ಮಾತಾಡಿದ್ರು.

"ಅವಳು ಹೇಳಿದ್ದೆಲ್ಲ ನಿಜ. ಒಂದು ಬಿಟ್ಟಿದ್ದಾಳೆ, ಅದು ಅವಳಿಗೆ ಗೊತ್ತಿಲ್ಲ. ಅವತ್ತು ಒಳಗೆ ಬೀಸ್ತಿದ್ದೋಳು ನಾನು. ಮದುವೆಯಾಗಿ ಒಂದು ವರ್ಷ ಆಗಿತ್ತು. ಇವಳು ಬಾಗಿಲಲ್ಲಿ ಕೇಳಿದ್ದು, ಮಾವನೋರು ಹೇಳಿದ್ದು ಎಲ್ಲಾ ಕೇಳಿಸ್ತು. ಮಗು ಅಳ್ತಿದ್ದಿದ್ದೂ ಕೇಳಿಸ್ತು. ನಾನು ಕೈ ನಿಲ್ಲಿಸ್ಲಿಲ್ಲ. ಜೋರಾಗಿ ಬೀಸಿದೆ. ಅಳೋದು ಕೇಳಿಸದೆ ಹೋಗ್ಲಿ ಅಂತ."

ಇಷ್ಟು ವರ್ಷ ಆ ಯಜಮಾನನ್ನ ಶಪಿಸಿದ್ದೆ, ಒಳಗಿದ್ದೋರು ಯಾರು ಅಂತ ಒಂದು ದಿನಾನೂ ಯೋಚ್ನೆ ಮಾಡಿರ್ಲಿಲ್ಲ. ಇದೇ ಭಾರತಮ್ನೋರು ಕಲ್ಲು ಕುಟ್ಟೋಕೆ ಹೋದಾಗ ಒಂದು ಸೇರಿಗೆ ಎರಡು ಸೇರು ಅಳೆದು ಹಾಕ್ತಿದ್ರು. ಪುಣ್ಯಾತ್ಗಿತ್ತಿ ಅಂತ ಹೊಗಳ್ಕೊಂಡು ಬರ್ತಿದ್ದೆ ನಾನು. ಥೂ ನನ್ನ ಜನ್ಮಕ್ಕೆ!

"ಒಂದು ಮಾತು ಹೇಳೋಕೆ ನಲವತ್ತೆಂಟು ವರ್ಷ ಬೇಕಾಯ್ತಾ ಭಾರತಮ್ನೋರೇ?" ಅಂದೆ.

"ಬೇಕಾಯ್ತು ಮುನಿಯಮ್ಮ" ಅಂದ್ರು. ಅಷ್ಟೇ. ಅಳ್ಲಿಲ್ಲ, ಕೈ ಮುಗೀಲಿಲ್ಲ. ಮಗನ ಕಡೆ ತಿರುಗಿ, "ಅನಿಲ, ನಮ್ಮನೆ ಕಲ್ಲು ಒಡೆದೋಗಿತ್ತು. ಅದನ್ನ ಕೆರೆ ಏರಿ ಮೇಲೆ ಎಸೆದ್ರು. ನಮ್ಮನೆಗೆ ಕಲ್ಲಿಲ್ಲ. ಹಂಗಂತ ಬರ್ಕೊಳ್ಳೋಕೆ ಹೇಳು" ಅಂದ್ರು.

"ಅಮ್ಮಾ, ಗೋಪುರ ಕಟ್ಟಿಸ್ತಿರೋನು ನಾನು. ನಮ್ಮನೆ ಹೆಸರೇ ಇಲ್ಲ ಅಂದ್ರೆ ಊರೋರು ಏನಂತಾರೆ?"

"ನಿಜ ಅಂತಾರೆ."

ಯಾರೋ ಪಕ್ಕದಿಂದ, ಎರಡು ಮನೆ ಹೆಸರೂ ಹಾಕ್ಬಿಡಿ, ಇಬ್ಬರದ್ದೂ ಆಯ್ತು ಅಂದ್ರು. ಇನ್ನೊಬ್ರು ಹೂಂ ಅಂದ್ರು. ಎಲ್ರೂ ನನ್ನ ಮುಖ ನೋಡಿದ್ರು, ಮುದುಕಿ ದೊಡ್ಡ ಮನಸ್ಸು ಮಾಡ್ಲಿ ಅಂತ. ನಾನು ಮಾಡ್ಲಿಲ್ಲ. ಭಾರತಮ್ನೋರೂ ಆ ಕಲ್ಲಲ್ಲಿ ಜೀವ ತೇಯ್ದಿದ್ದಾರೆ, ನಾಲ್ಕು ಮಕ್ಕಳನ್ನ ಸಾಕಿದ್ದಾರೆ, ಅದು ನಂಗೆ ಗೊತ್ತು. ಅವರ ಬೆರಳು ಸೊಟ್ಟಗಾಗಿರೋದೂ ನೋಡಿದೀನಿ. ಏನೂ ಅನ್ನಿಸ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೂ ಮಾಡ್ಲಿಲ್ಲ.

"ಹೆಸರು ಆಮೇಲೆ" ಅಂದೆ. "ಮೊದಲು ಇದರಲ್ಲಿ ಬೀಸ್ಬೇಕು ನಾನು. ಮೇಗಲ್ಲು ಹುಡುಕ್ಕೊಂಡು ಬನ್ನಿ."

ಹುಡುಕಿ ತಂದ್ರು. ಕಲ್ಲು ನುಣ್ಣಗಾಗಿತ್ತು, ಇಪ್ಪತ್ತು ವರ್ಷದಿಂದ ಕೈಯಾಡಿರ್ಲಿಲ್ಲ. ಶ್ರೀಧರ್ ಹತ್ರ ಉಳಿ ಸುತ್ತಿಗೆ ಇಸ್ಕೊಂಡು ಅಲ್ಲೇ ಕುಟ್ಟೋಕೆ ಕೂತೆ. ಮುಕ್ಕಾಲು ಗಂಟೆ ಆಗಿರ್ಬೇಕು. ಒಬ್ರೂ ಎದ್ದು ಹೋಗ್ಲಿಲ್ಲ. ಅಂಜಮ್ಮ ತನ್ನ ಮನೆಯಿಂದ ಒಂದು ಸೇರು ರಾಗಿ ತಂದ್ಲು. ಕದಿರೇಶ ಎದ್ದು ಬಂದು, ಬೇವಿನ ಕೊಂಬೆ ಕಡಿದು ಗೂಟ ಮಾಡಿ, ಮೇಗಲ್ಲಿನ ತೂತಿಗೆ ಬಡಿದು ಕೂರಿಸಿದ. ಕಲ್ಲೆರಡನ್ನೂ ನೀರು ಹಾಕಿ ತೊಳೆದು, ಒರೆಸಿ, ಜೋಡಿಸಿ ಕೊಟ್ಟ.

ನಾನು ಕಾಲು ಚಾಚಿ ಕೂತು ರಾಗಿ ಹಾಕಿ ಗೂಟ ಹಿಡಿದೆ. ಎಳೆಯೋಕೆ ಹೋದ್ರೆ ಕಲ್ಲು ಅಲ್ಲಾಡ್ಲಿಲ್ಲ. ಎಪ್ಪತ್ತೆರಡು ವರ್ಷದ ರಟ್ಟೆ, ಇಷ್ಟು ಹೊತ್ತು ಕುಟ್ಟಿದ್ದು ಬೇರೆ. ಇನ್ನೊಂದು ಸಲ ಎಳೆದೆ. ಕಾಲು ಸುತ್ತು ತಿರುಗಿ ನಿಂತೋಯ್ತು. ನಂಗೆ ಅಳು ಬಂದ್ಬಿಡ್ತು, ಸಿಟ್ಟೋ ದುಃಖವೋ ಗೊತ್ತಾಗ್ಲಿಲ್ಲ.

ಭಾರತಮ್ನೋರು ಕೋಲು ಬಿಟ್ಟು, ಮಗನ ಭುಜ ಹಿಡ್ಕೊಂಡು ನಿಧಾನವಾಗಿ ನನ್ನ ಎದುರಿಗೆ ನೆಲದ ಮೇಲೆ ಕೂತ್ರು. ಒಬ್ಬರ ಕೈಲಾಗದಾಗ ರಾಗಿ ಬೀಸೋದು ಇಬ್ಬರ ಕೆಲಸ, ಎದುರುಬದುರು ಕೂತು ಒಂದೇ ಗೂಟ ಹಿಡಿದು. ಅತ್ತೆ ಸೊಸೆ ಬೀಸ್ತಾರೆ, ಅಕ್ಕತಂಗಿ ಬೀಸ್ತಾರೆ. "ಹಿಡೀಲಾ?" ಅಂತ ಕೇಳಿದ್ರು. ಬೇಡ ಅಂತ ಬಾಯಿಗೆ ಬಂತು. ಬೇಡ ಅಂದ್ರೆ ಬೀಸೋಕಾಗಲ್ಲ.

"ಹಿಡೀರಿ" ಅಂದೆ. "ಕ್ಷಮಿಸ್ದೆ ಅಂತ ಅಂದ್ಕೋಬೇಡಿ."

"ಅಂದ್ಕೊಳ್ಳಲ್ಲ" ಅಂದ್ರು.

ಕಲ್ಲು ತಿರುಗ್ತು. ಮೊದಮೊದಲು ತಡೆದು ತಡೆದು, ಆಮೇಲೆ ಹದಕ್ಕೆ ಬಂತು. ಆ ಸದ್ದು ಕೇಳ್ತಾ ನಾನು ಕಣ್ಣು ಮುಚ್ಕೊಂಡೆ. ಸುತ್ತ ಹಿಟ್ಟು ಬಿತ್ತು, ಮೆತ್ತಗೆ, ನಯವಾಗಿ. ಒಂದು ಸೇರು ಪೂರಾ ಮುಗಿಸೋವರ್ಗೂ ನಾವಿಬ್ರೂ ಗೂಟ ಬಿಡ್ಲಿಲ್ಲ. ಕೊನೆಗೆ ಅವರ ಉಸಿರು ಹತ್ತುತ್ತಿತ್ತು, ನಂದೂ ಅಷ್ಟೇ. ಅಂಜಮ್ಮ ಹಿಟ್ಟು ಬಳಿದು ಮೊರಕ್ಕೆ ಹಾಕಿದ್ಲು.

ಶ್ರೀಧರ್ ಬಂದು ಪಕ್ಕದಲ್ಲಿ ಕೂತು ಕೆಳಗಲ್ಲಿನ ಅಂಚು ಒರೆಸಿದ. "ಏನು ಹೆಸರು ಹಾಕ್ಲಿ ಅಜ್ಜಿ? ಕದಿರೇಶಣ್ಣನ ಹೆಸರಾ, ನಿಮ್ಮ ಯಜಮಾನ್ರದಾ?"

"ಆಂಜಿ ಅಂತ ಹಾಕು."

ಪೆನ್ನಿನ ಹುಡುಗ ಕೈಲಿದ್ದ ಪಟ್ಟಿ ತಿರುವಿ ಹಾಕಿದ. "ಅಜ್ಜಿ, ರೇಷನ್ ಕಾರ್ಡಲ್ಲಿ ಇಲ್ಲ, ಓಟರ್ ಲಿಸ್ಟಲ್ಲೂ ಇಲ್ಲ" ಅಂದ. ಅನಿಲ್‌ಕುಮಾರ್ ಅವನ ಕೈಯಿಂದ ಪಟ್ಟಿ ಕಿತ್ಕೊಂಡು ಮಡಚಿ ಜೇಬಿಗೆ ಹಾಕ್ಕೊಂಡ. "ಅಜ್ಜಿ ಹೇಳಿದಂಗೆ ಬರೀರಿ ಶ್ರೀಧರಣ್ಣ" ಅಂದ.

ಶ್ರೀಧರ್ ಸೀಮೆಸುಣ್ಣದಲ್ಲಿ ಬರೆದ. "ಎರಡೇ ಅಕ್ಷರ ಅಜ್ಜಿ. ಜಾಗ ತುಂಬಾ ಉಳಿದಿದೆ. ಬೇರೆ ಏನಾದ್ರೂ ಸೇರಿಸ್ಲಾ?"

ಏನು ಸೇರಿಸ್ಲಿ? ಮೂರು ವರ್ಷದ ಮಗೂಗೆ ಅಪ್ಪ, ಅಮ್ಮ, ಒಂದು ಬಟ್ಟಲು ಬಿಟ್ರೆ ಇನ್ನೇನಿತ್ತು? ಭಾರತಮ್ನೋರು ನೆಲದ ಮೇಲಿಂದಲೇ ಹೇಳಿದ್ರು, "ಹಸಿದು ಸತ್ಲು ಅಂತ ಬರಿ. ನಮ್ಮ ಬಾಗಿಲಲ್ಲಿ ಅಂತ ಬರಿ."

ಅನಿಲ್‌ಕುಮಾರ್ ತಲೆ ತಗ್ಗಿಸಿದ, ಬೇಡ ಅನ್ಲಿಲ್ಲ. ಶ್ರೀಧರ್ ಸೀಮೆಸುಣ್ಣ ಹಿಡ್ಕೊಂಡು ನನ್ನ ಕಡೆ ನೋಡಿದ. ನಾನು ಹೂಂ ಅಂದಿದ್ರೆ ಬರೆದುಬಿಡ್ತಿದ್ದ. ಇಡೀ ಊರು ಅದನ್ನ ಓದ್ತಿತ್ತು, ದಿನಾ ಬಸ್ಸಿಗೆ ಕಾಯೋರೆಲ್ಲ ಓದ್ತಿದ್ರು. ಹೂಂ ಅನ್ನೋಣ ಅಂತ ತುಂಬಾ ಆಸೆ ಆಯ್ತು ನಂಗೆ.

"ಬೇಡ" ಅಂದೆ. "ಅದನ್ನ ಓದಿದೋರು ಅಯ್ಯೋ ಪಾಪ ಅಂತಾರೆ. ಇಲ್ಲಾ ನಿಮ್ಮನ್ನ ಬೈತಾರೆ. ನನ್ನ ಮಗಳನ್ನ ಮರ್ತುಬಿಡ್ತಾರೆ. ಈ ಊರೋಳು ಅಂತ ಬರಿಯಪ್ಪ. ಅವತ್ತು ಐದು ಬಾಗಿಲು ಸುತ್ತಿದೆ, ಅವಳನ್ನ ಈ ಊರೋಳು ಅಂತ ಒಬ್ರೂ ಅನ್ಲಿಲ್ಲ."

ಅವನು ಬರೆದ. ಉಳಿ ಇಟ್ಟು ಹೊಡೆಯೋಕೆ ಶುರು ಮಾಡಿದ. ಬಿಸಿಲು ಇಳಿಯೋ ಹೊತ್ತಿಗೆ ಮುಗಿಸಿ, ಪುಡಿ ಊದಿ, ಬಟ್ಟೇಲಿ ಒರೆಸಿದ. ನಂಗೆ ಓದೋಕೆ ಬರಲ್ಲ. ಗಟ್ಟಿಯಾಗಿ ಓದು, ಎಲ್ರಿಗೂ ಕೇಳಿಸ್ಬೇಕು ಅಂದೆ.

"ಆಂಜಿ, ಈ ಊರಿನವಳು" ಅಂತ ಓದಿದ.

ಅವಳ ಹೆಸರನ್ನ ಯಾರಾದ್ರೂ ಬರೆದಿದ್ದು ಅದೇ ಮೊದಲು.